ಒಂದು ಮುಹೂರ್ತಕ್ಕೆ ಆರು ನಿಮಿಷ

ಎಲ್ವೋರ್ ದೇಶದಲ್ಲಿ ಸೂರ್ಯ ಹುಟ್ಟುವುದಿಲ್ಲ, ಸೂರ್ಯನನ್ನು ಹಚ್ಚುತ್ತಾರೆ. ಹಚ್ಚುತ್ತಿದ್ದವರು ನನ್ನ ಗಂಡ ಧನ್ಯಕುಮಾರ.

ಉತ್ತರ ಧ್ರುವದ ಅಂಚಿನಲ್ಲಿ, ಹಿಮದ ಕೆಳಗೆ ನಾನೂರು ಮೀಟರ್ ಆಳದ ಬಂಡೆಯನ್ನು ಕೊರೆದು ಕಟ್ಟಿದ ದೇಶ ಅದು. ಬಂಡೆಯೊಳಗೆ ಬ್ಯಾಟರಿಗೆ ಬೇಕಾಗುವ ಲೋಹವಿದೆ. ಮೇಲೆ ಗಾಜಿನ ಮನೆಗಳಲ್ಲಿ ಆ ದೇಶದ ಪ್ರಜೆಗಳು, ಕೆಳಗೆ ಹೊರಗಿನಿಂದ ಬಂದ ನಾವು ಎಂಟು ಸಾವಿರ ಮಂದಿ. ನಮ್ಮ ಆಕಾಶವೆಂದರೆ ಸುರಂಗದ ಮಾಳಿಗೆಗೆ ಜೋಡಿಸಿದ ದೀಪಗಳು. ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆದು ನಸುಕಿನ ಬಣ್ಣದಲ್ಲಿ ಹೊತ್ತಿಕೊಳ್ಳುತ್ತಿದ್ದವು. ರಾತ್ರಿ ಎಂಟಕ್ಕೆ ಮೆಲ್ಲಗೆ ಆರುತ್ತಿದ್ದವು. ಆ ದೀಪಗಳನ್ನೂ ಗಂಟೆಗಳನ್ನೂ ನೋಡಿಕೊಳ್ಳುವ ಬೆಳಕಿನ ಕೋಣೆಯಲ್ಲಿ ನನ್ನ ಗಂಡನಿಗೆ ಕೆಲಸ.

ನಾವು ಚಿಕ್ಕೋಡಿ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಹೊತ್ತೇ ಇಲ್ಲದ ಊರಲ್ಲಿ ದೀಪ ಆರುವುದನ್ನೇ ಮುಳುಗಡೆಯೆಂದು ತಿಳಿದುಕೊಂಡೆ. ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಗಳೂರಿನ ಫ್ಲೋರಿನ್‌ಗೆ ಇದು ದೊಡ್ಡ ತಮಾಷೆ.

“ಎಂತ ಮಾರಾಯ್ತಿ, ಗಂಡನ ಹತ್ರ ಜಗಳ ಆದ ದಿನ ಅವರು ಬೇಗ ದೀಪ ಆರಿಸಿದ್ರೆ ನಿನಗೆ ಊಟವೇ ಇಲ್ಲ ಅಲ್ವಾ? ಒಳ್ಳೆ ಸೂರ್ಯನನ್ನು ಕಟ್ಟಿಕೊಂಡಿದ್ದೀ ನೀನು!”

“ಮದ್ಲ ನೀ ನಿನ್ನ ಕಾಲರ್ ತಿಕ್ಕವ್ವಾ, ನನ್ನ ಸೂರ್ಯನ್ನ ನಾ ನೋಡ್ಕೋತೀನಿ” ಎನ್ನುತ್ತಿದ್ದೆ.

ಊರಲ್ಲಿ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹನ್ನೊಂದು ವರ್ಷ ಪಾಠ ಮಾಡಿದ್ದೆ. ಎಲ್ವೋರ್‌ಗೆ ಬಂದಿಳಿದ ದಿನ ಹೊಂದಾಣಿಕೆ ಕಚೇರಿಯವರು ನನ್ನ ಪದವಿಯ ಕಾಗದಗಳನ್ನು ತಿರುವಿ ನೋಡಿ, ಇವು ಇಲ್ಲಿ ನಡೆಯುವುದಿಲ್ಲ ಎಂದು ನಗುತ್ತಲೇ ಹೇಳಿದರು. ಕೈಯಲ್ಲಿದ್ದ ಕೀ ಕೊಡುವ ಗಡಿಯಾರವನ್ನು ಬಿಚ್ಚಿಸಿಕೊಂಡರು. ಸುರಂಗದೊಳಗೆ ಹೊರಗಿನ ಯಂತ್ರ ಬೇಡವಂತೆ. ಬದಲಿಗೆ ಹೊತ್ತು ತೋರಿಸುವ ಒಂದು ಕೈಪಟ್ಟಿ, ಒಂದು ಫೋನು, ಮಾತು ತಿಳಿಯಲು ಕಿವಿಗೆ ಸಿಕ್ಕಿಸುವ ಅನುವಾದಕ, ಮತ್ತು ‘ಹೊಸ ನೆಲದ ಆಯಾಸ’ ಎಂಬ ಪುಸ್ತಿಕೆ ಕೊಟ್ಟರು. ಮೂರು ವರ್ಷ ದೂರಿಲ್ಲದೆ ಕಳೆದರೆ ಕಾಯಂ ಚೀಟಿ. ಅದು ಸಿಕ್ಕರೆ ಮೇಲಿನ ಗಾಜಿನ ಊರಿನಲ್ಲಿ ಮನೆ, ನನಗೆ ಮತ್ತೆ ಶಾಲೆ.

ನನ್ನ ತಮ್ಮ ಭರತೇಶನೂ ನಮ್ಮ ಜೊತೆ ಬಂದಿದ್ದ. ಅವನು ಬಂಡೆ ಕತ್ತರಿಸುವ ಯಂತ್ರದ ಮೇಲೆ.

ದಿನಾ ಬೆಳಿಗ್ಗೆ ಸಾಮಾಯಿಕಕ್ಕೆ ಕೂರುವುದು ನಾನು ಹದಿನಾರನೆಯ ವಯಸ್ಸಿನಿಂದ ಹಿಡಿದ ವ್ರತ. ಸಾಮಾಯಿಕವೆಂದರೆ ಕೆಲಸವನ್ನೂ ರಾಗದ್ವೇಷವನ್ನೂ ಬದಿಗಿಟ್ಟು ಒಂದು ಮುಹೂರ್ತ, ಎಂದರೆ ನಲವತ್ತೆಂಟು ನಿಮಿಷ, ಸಮಭಾವದಲ್ಲಿ ಕೂರುವುದು. ಮನಸ್ಸಿನಲ್ಲಿ ಣಮೋಕಾರ ಮಂತ್ರ, ಕೈಯಲ್ಲಿ ನೂರೆಂಟು ಮಣಿಯ ಮಾಲೆ. ಮೂರು ಮಾಲೆ ಮುಗಿಯುವುದಕ್ಕೂ ನಲವತ್ತೆಂಟು ನಿಮಿಷ ತುಂಬುವುದಕ್ಕೂ ಊರಲ್ಲಿ ಒಂದು ಕ್ಷಣವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಹಾದಿಯಲ್ಲಿ ನಡೆದ ಎತ್ತಿನ ಹಾಗೆ ನನ್ನ ಮಂತ್ರಕ್ಕೆ ಅದರದೇ ಹೆಜ್ಜೆ ಇತ್ತು.

ಎಲ್ವೋರ್‌ನಲ್ಲಿ ಆರರ ದೀಪ ಹೊತ್ತಿದ ಕೂಡಲೇ ಕೂರುತ್ತಿದ್ದೆ. ಮೊದಲ ಒಂಬತ್ತು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಮೂರು ಮಾಲೆ ಮುಗಿದು ಕಣ್ಣು ತೆರೆದರೆ ಗೋಡೆಯ ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಬಾಕಿ. ಕೆಲವು ವಾರಗಳಲ್ಲಿ ಎರಡು ನಿಮಿಷ. ಆರು ತಿಂಗಳು ಕಳೆಯುವ ಹೊತ್ತಿಗೆ ಐದು ನಿಮಿಷ ಮೊದಲೇ ಮುಗಿಯತೊಡಗಿತು.

ನಾನು ಏನೆಂದುಕೊಂಡೆ ಗೊತ್ತೇ? ಮಂತ್ರವನ್ನು ಓಡಿಸುತ್ತಿದ್ದೇನೆ ಎಂದುಕೊಂಡೆ. ಪರದೇಶದ ಸುಖಕ್ಕೆ ಬಂದವಳು, ಭಗವಂತನ ಮುಂದೆ ಕೂರುವುದನ್ನೂ ಅವಸರದ ಕೆಲಸ ಮಾಡಿಕೊಂಡೆ ಎಂದು ಅತ್ತೆ. ಪ್ರಾಯಶ್ಚಿತ್ತಕ್ಕೆಂದು ಇಪ್ಪತ್ತೊಂದು ದಿನ ಒಪ್ಪತ್ತು ಉಂಡೆ. ಅಷ್ಟಮಿ, ಚತುರ್ದಶಿಗೆ ನಿರಾಹಾರ ಉಪವಾಸ ಹಿಡಿದೆ. ಕೊನೆಗೆ ಒಂದೊಂದು ಅಕ್ಷರವನ್ನೂ ಎಳೆದೆಳೆದು ಹೇಳುತ್ತ, ಮೂರು ಮಾಲೆಯನ್ನು ಅವರ ಗಡಿಯಾರದ ನಲವತ್ತೆಂಟಕ್ಕೆ ಸರಿಹೊಂದಿಸಿದೆ. ಹೊಂದಿದ ದಿನ ಸಮಾಧಾನದಿಂದ ಕೈಮುಗಿದೆ.

ಲೋಲಕದ ಪಾಠ ಮಾಡಿದವಳು ನಾನು, ಅಳತೆಯನ್ನು ಅನುಮಾನಿಸಿರಿ ಎಂದು ಮಕ್ಕಳಿಗೆ ಹೇಳಿಕೊಟ್ಟವಳು. ಆದರೂ ಗಡಿಯಾರವನ್ನು ಅನುಮಾನಿಸುವ ಬದಲು ದೇವರ ಮುಂದೆ ಕೂತ ನನ್ನನ್ನೇ ಅನುಮಾನಿಸಿಕೊಂಡೆ.

ನಾನೊಬ್ಬಳೇ ಅಲ್ಲ. ಎಲ್ಲರಿಗೂ ಸುಸ್ತು. ಎಂಟು ಗಂಟೆ ಮಲಗಿದರೂ ಕಣ್ಣು ಉರಿ. ಹೊಂದಾಣಿಕೆ ಕಚೇರಿಗೆ ಹೋದರೆ ಪುಸ್ತಿಕೆಯ ಹನ್ನೆರಡನೇ ಪುಟ ತೋರಿಸುತ್ತಿದ್ದರು: ‘ಹೊಸ ನೆಲಕ್ಕೆ ಒಗ್ಗದ ದೇಹ ಹೀಗೆ ದೂರುವುದು ಸಹಜ. ತಾಳ್ಮೆ ಬೆಳೆಸಿಕೊಳ್ಳಿ.’ ನೇಪಾಳದ ಹುಡುಗರು ತಮಗೆ ವಯಸ್ಸಾಯಿತೆಂದು ತಿಳಿದರು, ಇಪ್ಪತ್ತಾರನೇ ವರ್ಷಕ್ಕೆ. ಫ್ಲೋರಿನ್ ಮೊಣಕಾಲಿಗೆ ಎಣ್ಣೆ ಹಚ್ಚಿದಳು. ಭರತೇಶ ನಕ್ಕುಬಿಡುತ್ತಿದ್ದ.

“ಅಕ್ಕಾ, ಊರಾಗ ಮೂರು ಎಕರೆ ಕಬ್ಬು ಕಡದ ಬಂದ್ರೂ ಹಿಂಗ ಆಗ್ತಿರ್ಲಿಲ್ಲ. ಇಲ್ಲಿ ಯಂತ್ರಾ ಕಡೀತೈತಿ, ನಾ ಸುಮ್ನ ನಿಂತಿರ್ತೀನಿ. ನಿಂತ ನಿಂತ ತೂಕಡಿಸ್ತೀನಿ ನೋಡ, ಕುದುರೀ ಹಂಗ.”

“ಹುಷಾರಪ್ಪಾ ಭರತ್ಯಾ. ಕೈ ಎಲ್ಲಿರ್ತೈತಿ ಅನ್ನೂದು ನೆನಪಿರ್ಲಿ.”

“ಕೈ ಇಲ್ಲೇ ಐತಿ, ನಿನ್ನ ಕಡುಬಿನ ಮ್ಯಾಲೆ” ಎಂದು ತಟ್ಟೆಯಿಂದ ಇನ್ನೊಂದು ಎತ್ತಿಕೊಂಡ.

ಇದಾದ ಒಂದು ವಾರಕ್ಕೆ ಯಂತ್ರ ಅವನ ಬಲಗೈಯನ್ನು ಎಳೆದುಕೊಂಡಿತು.

ಕೆಳಗಿನ ದವಾಖಾನೆಯಲ್ಲಿ ಬೆರಳುಗಳನ್ನು ಹೇಗೋ ಸೇರಿಸಿ ಕಟ್ಟಿದ್ದರು. ಹತ್ತು ದಿನದೊಳಗೆ ಮೇಲಿನ ಆಸ್ಪತ್ರೆಯಲ್ಲಿ ನರ ಜೋಡಿಸಿದರೆ ಕೈ ಉಳಿಯುತ್ತದೆ, ಇಲ್ಲದಿದ್ದರೆ ಮಣಿಕಟ್ಟಿನವರೆಗೆ ತೆಗೆಯಬೇಕು ಎಂದರು ಡಾಕ್ಟರು. ಮೇಲೆ ಕಳಿಸಬೇಕಾದರೆ ವಿಚಾರಣೆ ಆಗಬೇಕು. ನಿಯಮ ಹೀಗಿತ್ತು: ಹತ್ತು ಗಂಟೆಯ ಪಾಳಿ ಮುಗಿದ ಮೇಲೆ ಯಾರನ್ನೂ ಯಂತ್ರದ ಮೇಲೆ ನಿಲ್ಲಿಸಬಾರದು. ನಿಲ್ಲಿಸಿ ಅನಾಹುತವಾದರೆ ಹೊಣೆ ಆಡಳಿತದ್ದು, ಚಿಕಿತ್ಸೆಯೂ ಅವರದೇ. ಹತ್ತು ಗಂಟೆಯೊಳಗೆ ಆದರೆ ಅದು ಕೆಲಸಗಾರನ ಅಲಕ್ಷ್ಯ. ಅಲಕ್ಷ್ಯ ಮಾಡಿದವನನ್ನು ಮುಂದಿನ ವಿಮಾನದಲ್ಲಿ ವಾಪಸು ಕಳಿಸುತ್ತಾರೆ. ಭರತೇಶನ ಕೈ ಯಂತ್ರಕ್ಕೆ ಸಿಕ್ಕಾಗ ಕೈಪಟ್ಟಿ ತೋರಿಸಿದ್ದು ಪಾಳಿಯ ಒಂಬತ್ತು ಗಂಟೆ ಮೂವತ್ತೆಂಟನೇ ನಿಮಿಷ.

“ಇಪ್ಪತ್ತೆರಡ ನಿಮಿಷ ಅಕ್ಕಾ” ಎಂದ, ಮಂಪರಿನಲ್ಲಿ. “ಇಪ್ಪತ್ತೆರಡ ನಿಮಿಷ ತಡದ ಕೊಟ್ಟಿದ್ರ ಸಾಕಿತ್ತು ಈ ಕೈಯಿ.”

ಹಾಸಿಗೆಯ ಪಕ್ಕ ಕೂತು ಮಂತ್ರ ಹೇಳಲು ಹೋದೆ, ಬರಲಿಲ್ಲ. ತಲೆದೆಸೆಯ ಯಂತ್ರ ಅವನ ನಾಡಿಯ ಒಂದೊಂದು ಬಡಿತಕ್ಕೂ ಒಂದು ಸಲ ಕುಟುಕ್ ಎನ್ನುತ್ತಿತ್ತು. ತೆರೆಯ ಮೇಲೆ ಎಂಬತ್ತು ಎಂದಿತ್ತು, ನಿಮಿಷಕ್ಕೆ ಎಂಬತ್ತು ಬಡಿತ. ಕೈ ಸುಮ್ಮನಿರದೆ ಅದನ್ನೇ ಎಣಿಸಿದೆ. ಎದುರಿನ ಗೋಡೆ ಗಡಿಯಾರದ ಒಂದು ನಿಮಿಷಕ್ಕೆ ತೊಂಬತ್ತಾಯಿತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ತೊಂಬತ್ತು. ತೆರೆಯಲ್ಲಿ ಎಂಬತ್ತೇ.

ಮೊದಲು ನನಗೆ ಹೊಳೆದದ್ದು, ನಾನು ಎಣಿಸುವುದನ್ನೂ ಓಡಿಸುತ್ತಿದ್ದೇನೆ ಎಂದು! ಅಷ್ಟು ಮಟ್ಟಿಗೆ ನನ್ನನ್ನು ಪಳಗಿಸಿದ್ದರು. ಆದರೆ ಬಡಿತವನ್ನು ಯಾರೂ ಓಡಿಸಲಾರರು. ಯಂತ್ರ ಒಮ್ಮೆ ಕುಟುಕ್ ಎಂದರೆ ಒಂದೇ.

ಮನೆಗೆ ಬಂದೆ. ಬಟ್ಟೆ ವಿಭಾಗದಿಂದ ತಂದಿದ್ದ ಅಳತೆಯ ಪಟ್ಟಿ ಹಿಡಿದು, ನೀರು ಸೋಸುವ ತಂಬಿಗೆಗೆ ದಾರ ಕಟ್ಟಿ, ಮಾಳಿಗೆಯ ಕೊಕ್ಕೆಯಿಂದ ಇಳಿಬಿಟ್ಟೆ. ಕೊಕ್ಕೆಯಿಂದ ತಂಬಿಗೆಯ ನಡುವಿನವರೆಗೆ ಒಂದು ಮೀಟರಿಗೆ ಅರ್ಧ ಸೆಂಟಿಮೀಟರ್ ಕಡಿಮೆ. ಅಷ್ಟು ಉದ್ದದ ಲೋಲಕ ಈ ಕಡೆಯಿಂದ ಆ ಕಡೆಗೆ ಹೋಗಲು ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಇದಕ್ಕೆ ಬ್ಯಾಟರಿ ಬೇಡ, ಯಾರ ಅಪ್ಪಣೆಯೂ ಬೇಡ, ಭೂಮಿಯ ಸೆಳೆತ ಸಾಕು. ಧ್ರುವದ ಹತ್ತಿರ ಆ ಸೆಳೆತ ಕೂದಲೆಳೆಯಷ್ಟು ಹೆಚ್ಚು, ಲೆಕ್ಕ ಕೆಡಿಸುವಷ್ಟಲ್ಲ. ಕೈಪಟ್ಟಿಯ ಒಂದು ನಿಮಿಷಕ್ಕೆ ಅರವತ್ತು ಸಲ ಹೋಗಬೇಕಾದ ತಂಬಿಗೆ ಅರವತ್ತೇಳೂವರೆ ಸಲ ಹೋಯಿತು. ಐದು ನಿಮಿಷ ಬಿಟ್ಟು ನೋಡಿದೆ. ಮುನ್ನೂರರ ಬದಲು ಮುನ್ನೂರ ಮೂವತ್ತೆಂಟು.

ಅಂದರೆ ಅವರ ಒಂದು ಗಂಟೆ ನಮ್ಮ ಅರವತ್ತೇಳೂವರೆ ನಿಮಿಷ. ಹತ್ತು ಗಂಟೆಯ ಪಾಳಿ ಎಂದರೆ ಹನ್ನೊಂದೂಕಾಲು ಗಂಟೆ. ಭರತೇಶನ ಕೈ ಸಿಕ್ಕಿದ್ದು ಹತ್ತು ಗಂಟೆ ಐವತ್ತನೇ ನಿಮಿಷಕ್ಕೆ. ಅವರ ಗಡಿಯಾರ ನೋಡಿ ಕೂತ ನನ್ನ ಒಂದು ಮುಹೂರ್ತಕ್ಕೆ ಆರು ನಿಮಿಷ ಹೆಚ್ಚು.

ಕೋಪವೂ ಒಂದು ಕಷಾಯ, ಆತ್ಮಕ್ಕೆ ಅಂಟುವ ಜಿಗುಟು ಎಂದು ನಾವು ಕಲಿತವರು. ಆ ಹೊತ್ತು ಅದು ಅಂಟಲಿಲ್ಲ. ಉರಿಯಿತು. ತಂಬಿಗೆ ತೂಗುತ್ತಲೇ ಇತ್ತು. ಬಾಗಿಲು ತೆರೆದೇ ಬಿಟ್ಟು ಬೆಳಕಿನ ಕೋಣೆಗೆ ನಡೆದೆ.

ಅಲ್ಲಿಗೆ ಬೇರೆಯವರು ಹೋಗುವಂತಿಲ್ಲ. ಕಾವಲಿನವನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ತಮ್ಮನಿಗೆ ಹೆಚ್ಚುಕಡಿಮೆ ಆಗಿದೆಯೆಂದು ತಿಳಿದು ಒಳಗೆ ಬಿಟ್ಟ. ಒಳಗೆ ಗೋಡೆ ತುಂಬ ಸ್ವಿಚ್ಚು, ಸೂಚಕ, ಸುರಂಗಗಳ ನಕ್ಷೆ. ನನ್ನ ಗಂಡ ಒಬ್ಬರೇ ಕೂತಿದ್ದರು. ದೊಡ್ಡ ಗಡಿಯಾರ ನಾಲ್ಕು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಮೂಲೆಯಲ್ಲಿ, ವಿದ್ಯುತ್ ಜನರೇಟರಿನ ಫಲಕದ ಮೇಲೆ, ಅಂಗೈಯಷ್ಟು ಕೆಂಪು ಗಡಿಯಾರ. ಅದರಲ್ಲಿ ಐದು ಇಪ್ಪತ್ತಾರು.

ನಾನು ಅದಕ್ಕೆ ಬೆರಳು ತೋರಿಸಿದೆ.

“ಇದೇನ್ರಿ?”

ಅವರು ನನ್ನನ್ನು ನೋಡಿದರು, ಗಡಿಯಾರವನ್ನು ನೋಡಲಿಲ್ಲ. “ಜನರೇಟರಕ್ಕ ಖರೇ ಟೈಮ್ ಬೇಕಾಗ್ತೈತಿ. ಕರೆಂಟ ಸುಳ್ಳ ಸೆಕೆಂಡಿಗೆ ಓಡಂಗಿಲ್ಲ.”

“ಮನಶ್ಯಾರು ಓಡ್ತಾರೇನು?”

ಅವರು ಒಂದು ಸ್ವಿಚ್ಚಿನ ಧೂಳು ಒರೆಸಿದರು.

“ಯಾವಾಗಿಂದ ಗೊತ್ತಿತ್ತು ನಿಮಗ?”

“ಎರಡ ವರ್ಷ ಆತು. ಹೊಂದಾಣಿಕಿ ಅಂದ್ರು, ತ್ರಿಶಲಾ. ಮೈಗೆ ರೂಢಿ ಆಗ್ಲಿ ಅಂತ ಡಾಕ್ಟರ್‌ಗೋಳು ಬರದ ಕೊಟ್ಟಾರಂತ. ದಿನಾ ತಾಸಿಗೆ ಎರಡೂವರಿ ಸೆಕೆಂಡ ಏರಸ್ಕೋತ ಹೋದ್ರ ಯಾರಿಗೂ ತಿಳ್ಯಾಂಗಿಲ್ಲ ಅಂದ್ರು. ಹಗಲ ಹಿಗ್ಗಸೂದು, ರಾತ್ರಿ ಕುಗ್ಗಸೂದು. ಮುಂಜಾನೆ ಆರಕ್ಕ ಎರಡೂ ಕೂಡಿಬಿಡ್ತಾವು.”

ಭಾನುವಾರ ಬೆಳಿಗ್ಗೆ ಆರಕ್ಕೆ ಮಾತ್ರ ಊರಿಗೆ ಫೋನು ಮಾಡಲು ಯಾಕೆ ಬಿಡುತ್ತಿದ್ದರು ಎಂಬುದು ಆಗ ತಿಳಿಯಿತು.

“ನಾ ಉಪಾಸ ಕುಂತದ್ದು ನೋಡಿದ್ರಿ. ಮಂತ್ರ ಓಡ್ಸಾಕತ್ತೀನಿ, ಪಾಪ ಮಾಡಾಕತ್ತೀನಿ ಅಂತ ಅತ್ತದ್ದು ನೋಡಿದ್ರಿ. ನೋಡ್ಕೋತ ಎದುರಿಗೆ ಕುಂತ ರೊಟ್ಟಿ ತಿಂದ್ರಿ ನೀವು.”

“ಮೂರ ತಿಂಗಳ ಉಳದಿತ್ತು, ಕಾಯಂ ಚೀಟಿ ಬರ್ತಿತ್ತು. ಮ್ಯಾಲೆ ಹೋದ ಮ್ಯಾಲೆ ಹೇಳಬೇಕಂತ ಮಾಡಿದ್ದೆ. ನಿನ್ನ ಸಾಲಿ ಸಲುವಾಗಿ...”

“ನನ್ನ ಹೆಸರ ಹಚ್ಚಬ್ಯಾಡ್ರಿ!” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಭರತ್ಯಾ ನಿಮ್ಮನ್ನ ಮಾಮಾ ಮಾಮಾ ಅಂತಿದ್ನಲ್ಲ, ಅವನ ಮುಂದಾದ್ರೂ ಬಾಯಿ ಬಿಡಬೇಕಾಗಿತ್ತು. ನಾಳಿಂಗ ವಿಚಾರಣಿ ಐತಿ. ಬಂದ ಹೇಳ್ತೀರೇನು?”

ಅವರು ಸ್ವಿಚ್ಚುಗಳ ಕಡೆ ತಿರುಗಿ ಕೂತರು. “ಹೇಳಿದ್ರ ಮೂರೂ ಮಂದೀನ ಅವತ್ತ ಕಳಸ್ತಾರ. ಚಿಕಿತ್ಸಿನೂ ಆಗಾಂಗಿಲ್ಲ. ಸಿಟ್ಟಿನಾಗ ಅದನ್ನೂ ಯೋಚನಿ ಮಾಡ.”

ಮಾಡಿದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇನ್ನೂ ಉರಿಯಿತು.

ಮರುದಿನ ಕೆಲಸಕ್ಕೆ ರಜೆ ಹೇಳಲು ಹೋದಾಗ ಫ್ಲೋರಿನ್‌ಗೆ ಎಲ್ಲವನ್ನೂ ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

“ನಾನು ದಿನಾ ಜಪಸರ ಮಾಡುವುದು ಇಪ್ಪತ್ತು ನಿಮಿಷ” ಎಂದಳು. “ಇಲ್ಲಿ ಹದಿನೆಂಟಕ್ಕೇ ಮುಗೀತದೆ. ಪಾದ್ರಿಗಳ ಹತ್ರ ಹೋಗಿ, ಫಾದರ್, ನಾನು ಮಾತೆಗೆ ಮೋಸ ಮಾಡ್ತಾ ಇದ್ದೇನೆ ಅಂತ ಪಾಪನಿವೇದನೆ ಮಾಡಿಯಾಯ್ತು. ಎರಡು ಸಲ! ಈ ದರಿದ್ರದವರು ಕದ್ದದ್ದಕ್ಕೆ ನಾನು ಪಾಪನಿವೇದನೆ ಮಾಡುವುದಾ?”

ವಿಚಾರಣೆಯ ಕೋಣೆ ಕೆಳಗೇ ಇತ್ತು. ಅಧಿಕಾರಿ ಓರ್ಸ್ತಾ, ಐವತ್ತು ದಾಟಿದ ಹೆಂಗಸು, ಮೇಲಿನಿಂದ ಇಳಿದು ಬಂದಿದ್ದರು. ಕೆಳಗೆ ಬಂದ ಕೂಡಲೇ ಅವರ ಕೈಪಟ್ಟಿಯೂ ಕೆಳಗಿನ ಗಡಿಯಾರಕ್ಕೇ ಹೊಂದಿಕೊಳ್ಳುವುದರಿಂದ ಅವರಿಗೂ ಏನೂ ತಿಳಿದಿರಲಿಲ್ಲ ಎಂದು ನನ್ನ ನಂಬಿಕೆ. ಆಡಳಿತದ ವಕೀಲ ಒಂದೇ ಹಾಳೆ ತಂದಿದ್ದ. ನಾನು ತಂಬಿಗೆ, ದಾರ, ಅಳತೆಯ ಪಟ್ಟಿ ತಂದಿದ್ದೆ.

“ಇದು ಏನು?” ಎಂದರು ಓರ್ಸ್ತಾ.

“ಗಡಿಯಾರ” ಎಂದೆ. “ಉದ್ದ ನೀವೇ ಅಳೆಯಿರಿ. ಎಣಿಸುವುದೂ ನೀವೇ.”

ಅವರು ಎದ್ದು ಬಂದು ಅಳೆದರು. ವಕೀಲ ನಕ್ಕ. ಓರ್ಸ್ತಾ ನಗಲಿಲ್ಲ. ತಂಬಿಗೆ ತೂಗುವುದನ್ನು ನೋಡುತ್ತ ತುಟಿಯಲ್ಲೇ ಎಣಿಸಿದರು. ಅರವತ್ತೇಳು. ಎರಡನೇ ಸಲ ಅರವತ್ತೆಂಟು. ಮೂರನೇ ಸಲ ಎಣಿಸುವಾಗ ಅವರ ಮುಖದ ಬಣ್ಣ ಇಳಿದಿತ್ತು. ಆ ದೇಶದ ಮಕ್ಕಳೂ ಶಾಲೆಯಲ್ಲಿ ಇದನ್ನು ಕಲಿಯುತ್ತಾರಲ್ಲ.

ನಗು ನಿಲ್ಲಿಸಿದ ವಕೀಲ ಹಾಳೆಯನ್ನು ತಿರುವಿದ. “ಸರಿ, ವಾದಕ್ಕೆ ಒಪ್ಪೋಣ. ಹಾಗಾದರೆ ಈ ಕೆಲಸಗಾರ ಹತ್ತು ಗಂಟೆ ಮೀರಿ ಯಂತ್ರದ ಮೇಲಿದ್ದ ಎಂದಾಯಿತು. ಅದಕ್ಕೆ ಅವನು ಅನುಮತಿ ಪಡೆದಿರಲಿಲ್ಲ. ನಿಯಮ ಮುರಿದವನು ಅವನೇ.”

ಅನುವಾದಕ ಈ ಮಾತನ್ನು ಬಲು ನಯವಾದ ಕನ್ನಡದಲ್ಲಿ ನನ್ನ ಕಿವಿಗೆ ಹಾಕಿತು. ನಾನು ಅದನ್ನು ಕಿತ್ತು ಮೇಜಿನ ಮೇಲೆ ಒಗೆದೆ. ನನ್ನ ಭಾಷೆಯಲ್ಲೇ ಕೂಗಿದೆ, ಅವರಿಗೆ ತಿಳಿಯಲಿ ಬಿಡಲಿ.

“ಗಂಟಿ ಹೊಡಿಯವ್ರು ನೀವು! ಗಂಟಿ ಆಗೂಕಿಂತ ಮದ್ಲ ಹೊರಗ ಬಂದ್ರ ಪಗಾರ ಮುರಿಯವ್ರೂ ನೀವು! ತಾಸು ಕದ್ದೋರು ನೀವು, ಕಳಕೊಂಡಾಂವ ಕಳ್ಳ ಆದ್ನೇನು? ಇಷ್ಟ ದಿನ ಸುಸ್ತ ಅಂತ ಬಂದವ್ರಿಗೆಲ್ಲ ತಾಳ್ಮಿ ಕಲಸಿದ್ರಿ. ಆ ತಾಳ್ಮಿನೂ ಅಗದ ಮಾರ್ಕೊಂಡ್ರಿ, ಈ ಬಂಡೆಯೊಳಗಿನ ಲೋಹದ ಹಂಗ!”

ಓರ್ಸ್ತಾ ಕೈಯೆತ್ತಿ ವಿಚಾರಣೆ ನಿಲ್ಲಿಸಿದರು. ಅರ್ಧ ತಾಸು ವಕೀಲನ ಜೊತೆ, ಫೋನಿನಲ್ಲಿ ಮತ್ತಾರ ಜೊತೆಯೋ ಮಾತಾಡಿದರು. ಆಮೇಲೆ ನನ್ನೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದು ಒಂದು ಕಾಗದ ಮುಂದಿಟ್ಟರು. ಅನುವಾದಕವನ್ನು ಅವರೇ ತಂದು ಕೈಗೆ ಕೊಟ್ಟರು.

“ನಿಮ್ಮ ತಮ್ಮನನ್ನು ನಾಳೆಯೇ ಮೇಲೆ ಕರೆದೊಯ್ಯುತ್ತಾರೆ. ಪೂರ್ತಿ ಚಿಕಿತ್ಸೆ. ನಿಮಗೆ ಕಾಯಂ ಚೀಟಿ, ಮೇಲೆ ಶಾಲೆಯಲ್ಲಿ ಕೆಲಸ.” ಅವರು ನನ್ನ ಕಣ್ಣು ತಪ್ಪಿಸಿದರು. “ಗಡಿಯಾರದ ವಿಷಯವನ್ನು ಇನ್ನು ಮುಂದೆ ಯಾರ ಬಳಿಯೂ, ಯಾವ ಭಾಷೆಯಲ್ಲೂ ಮಾತಾಡುವುದಿಲ್ಲ ಎಂದು ನೀವು ಸಹಿ ಹಾಕಬೇಕು. ನನ್ನಿಂದ ಸಾಧ್ಯವಾದದ್ದು ಇಷ್ಟೇ.”

“ಗಡಿಯಾರ ಸರಿ ಮಾಡುತ್ತೀರೋ?”

“ಅದು ನನ್ನ ಅಧಿಕಾರದಲ್ಲಿಲ್ಲ.”

ಆ ಕಾಗದದ ಮುಂದೆ ಕೂತಾಗ ನನ್ನ ಕಣ್ಣಿಗೆ ಎಂಟು ಸಾವಿರ ಮಂದಿ ಕಾಣಲಿಲ್ಲ. ಖಾರದ ಹಿಂಡಿ ಹಚ್ಚಿದ ರೊಟ್ಟಿಯನ್ನು ಸುರುಳಿ ಸುತ್ತಿ ಹಿಡಿದ ಭರತೇಶನ ಬಲಗೈ ಕಂಡಿತು. ಸಹಿ ಹಾಕಿದೆ. ಸತ್ಯವನ್ನು ವ್ರತವಾಗಿ ಹಿಡಿದವಳು ಸತ್ಯ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ತಪ್ಪುವುದೂ ಅಸತ್ಯವೇ. ಎತ್ತ ತಿರುಗಿದರೂ ಗೋಡೆ ಎಬ್ಬಿಸಿ ಕಟ್ಟಿದ್ದರು.

ಆ ಸಂಜೆ ದೀಪ ಆರುವ ಮೊದಲು ಗಂಡ ಮನೆಗೆ ಬಂದರು. ಊಟ ಬಡಿಸಿದೆ, ನಾನು ಕೂರಲಿಲ್ಲ. ಕಾಗದದ ಪ್ರತಿಯನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಅವರು ಓದಿದರು. ಮತ್ತೊಮ್ಮೆ ಓದಿದರು.

“ನಿನ್ನ ಸಹಿ ಐತಿ.”

ನಾನು ನೀರಿನ ಲೋಟ ಮುಂದಿಟ್ಟೆ.

“ನನ್ನ ಹೆಸರ ಇಲ್ಲಲ್ಲ ಇದರಾಗ.”

“ಇಲ್ಲ” ಎಂದೆ.

ಅವರು ರೊಟ್ಟಿ ಮುರಿದರು. ಬಾಯಿಗೆ ಇಡಲಿಲ್ಲ. ನಾನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅದೂ ಮಾತಾಡಿದ ಹಾಗೇ ಆಗುತ್ತಿತ್ತು. ಅಷ್ಟೇ ಅಲ್ಲ, ಕೇಳಿ ಮಾಡಿಸಬೇಕಾದ ಕೆಲಸವಾಗಿರಲಿಲ್ಲ ಅದು.

ಭರತೇಶನಿಗೆ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಮೂರನೇ ದಿನ ಫೋನು ಮಾಡಿದ. “ಅಕ್ಕಾ, ಬೆರಳ ಬೆಚ್ಚಗ ಅದಾವು. ಹೆಬ್ಬಟ್ಟ ಅಲಗಾಡಸಂದ್ರು, ಅಲಗಾಡಿಸಿದೆ. ಡಾಕ್ಟರವ್ವ ಚಪ್ಪಾಳಿ ಹೊಡದ್ಲು ನೋಡ!” ನಾನು ಅತ್ತೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗಂಡ ಫೋನು ತೆಗೆದುಕೊಂಡರು. “ಖರೇನ ಅಲಗಾಡ್ತೇನೋ? ಇನ್ನ ಅದನ್ನ ಕಿತ್ತಕೊಳ್ಳಾಕ ಬರಾಂಗಿಲ್ಲಲ್ಲ ಅವರಿಗೆ?” ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಶರ್ಟು ತೊಟ್ಟು ಕೆಲಸಕ್ಕೆ ಹೋದರು.

ನನ್ನ ಶಾಲೆಯ ಕೆಲಸ ಮುಂದಿನ ತಿಂಗಳಿಗೆ. ಅಲ್ಲಿಯವರೆಗೆ ಬಟ್ಟೆ ವಿಭಾಗವೇ. ಅಂದು ಮಧ್ಯಾಹ್ನದ ಮೇಲೆ, ಗೋಡೆಯಲ್ಲಿ ನಾಲ್ಕಕ್ಕೆ ಏಳು ನಿಮಿಷ ಇದ್ದಾಗ, ಪಾಳಿ ಮುಗಿಯುವ ಗಂಟೆ ಹೊಡೆಯಿತು.

ಎಲ್ಲರೂ ಹೆದರಿದರು. ಎರಡು ವರ್ಷದಲ್ಲಿ ಒಮ್ಮೆಯೂ ಗಂಟೆ ಬೇಗ ಹೊಡೆದಿರಲಿಲ್ಲ. “ಬೆಂಕಿ ಬಿತ್ತಾ? ಸುರಂಗ ಕುಸಿಯಿತಾ?” ಎಂದು ಫ್ಲೋರಿನ್ ನನ್ನ ಕೈ ಹಿಡಿದಳು. ಹೊರಗೆ ಸುರಂಗಗಳಿಂದ ಜನ ಟೊಪ್ಪಿಗೆಯ ದೀಪ ಆರಿಸದೆಯೇ ಓಡಿಬರುತ್ತಿದ್ದರು. ಅಷ್ಟರಲ್ಲಿ ಗೋಡೆಯ ಅಂಕಿಗಳು ಜಿಗಿದವು: ಐದು ಗಂಟೆ ಏಳು ನಿಮಿಷ. ಎಲ್ಲರ ಕೈಪಟ್ಟಿಯಲ್ಲೂ ಅದೇ.

ನನಗೆ ಮಾತ್ರ ಗೊತ್ತಿತ್ತು, ನಾನು ಹೇಳುವಂತಿರಲಿಲ್ಲ.

ಧ್ವನಿವರ್ಧಕ ಗೊರಗೊರ ಎಂದಿತು. ಆ ದೇಶದ ಭಾಷೆಯನ್ನು ನಮ್ಮೂರಿನ ನಾಲಿಗೆಯಲ್ಲಿ ತಡೆತಡೆದು ಆಡುವ ಒಂದು ದನಿ.

“ಹೆದರಬೇಡಿ. ಇದು ಅಪಾಯದ ಗಂಟೆಯಲ್ಲ. ಹತ್ತು ಗಂಟೆ ಮುಗಿಯಿತು, ಅಷ್ಟೇ. ಹತ್ತು ಗಂಟೆ ಎಂದರೆ ಇಷ್ಟೇ. ನಾನು ಬೆಳಕಿನ ಕೋಣೆಯ ಧನ್ಯಕುಮಾರ. ಎರಡು ವರ್ಷದಿಂದ ದಿನಾ ನಿಮ್ಮ ಪಾಳಿಗೆ ಒಂದೂಕಾಲು ಗಂಟೆಯವರೆಗೆ ಸೇರಿಸಿದವನು ನಾನು. ಆದೇಶ ಅವರದು, ಕೈ ನನ್ನದು. ಆದೇಶದ ಕಾಗದವನ್ನು ನಿಮ್ಮೆಲ್ಲರ ಫೋನಿಗೆ ಕಳಿಸಿದ್ದೇನೆ. ನಿಮಗೆ ವಯಸ್ಸಾಗಿಲ್ಲ. ನಿಮ್ಮ ಮೈ ಸರಿಯಾಗಿಯೇ...”

ದನಿ ಕಡಿಯಿತು. ಅದರ ಹಿಂದೆ ಬಾಗಿಲು ಒಡೆಯುವ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಗಂಡನನ್ನು ಕ್ಷಮಿಸಿದೆನೇ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದ್ದಾರೆ. ಆ ಹೊತ್ತಿನಲ್ಲಿ ನನ್ನೊಳಗೆ ಹೆಮ್ಮೆ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಎರಡು ವರ್ಷ ತಡವಾಗಿ ಬಂದ ಸತ್ಯ ಎಷ್ಟು ಚಿಕ್ಕದಾಗಿ ಕೇಳಿಸುತ್ತದೆ ಎನಿಸಿತು. ಅಷ್ಟು ಚಿಕ್ಕದಕ್ಕೂ ಅವರು ಸರಿಯಾದ ಬೆಲೆಯನ್ನೇ ತೆರುತ್ತಾರೆ ಎಂಬುದೂ ಗೊತ್ತಿತ್ತು.

ಗೋಡೆಯ ಅಂಕಿಗಳು ಮತ್ತೆ ಹಿಂದಕ್ಕೆ ಸರಿದವು: ನಾಲ್ಕಕ್ಕೆ ಐದು ನಿಮಿಷ. ನಮ್ಮ ಮೇಲ್ವಿಚಾರಕ ಗ್ರೀಮ್ ಬೆವರುತ್ತ ಓಡಿಬಂದ. “ಯಂತ್ರದೋಷ! ಏನೂ ಆಗಿಲ್ಲ! ಪಾಳಿ ಇನ್ನೂ ಒಂದು ಗಂಟೆ ಐದು ನಿಮಿಷ ಬಾಕಿ ಇದೆ. ಎಲ್ಲರೂ ಜಾಗಕ್ಕೆ ಹೋಗಿ!”

ಫ್ಲೋರಿನ್ ಫೋನಿನಲ್ಲಿ ಬಂದ ಕಾಗದವನ್ನು ನೋಡಿದಳು. ತಲೆಯ ಬಟ್ಟೆ ಬಿಚ್ಚಿ, ಕೊಡವಿ, ಒಗೆಯುವ ಯಂತ್ರಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತಳು. “ನನ್ನ ಮೊಣಕಾಲು ನೋಯುವುದಿಲ್ಲ ಈಗ” ಎಂದಳು ಗ್ರೀಮ್‌ಗೆ, ಕನ್ನಡದಲ್ಲಿ. “ಸ್ವಲ್ಪ ಕೂತು ನೋಡ್ತೇನೆ.” ಅವಳ ಪಕ್ಕ ನೇಪಾಳದ ಹುಡುಗಿಯರಿಬ್ಬರು ಕೂತರು. ಬಾಗಿಲಾಚೆ, ಸುರಂಗದ ಬಾಯಲ್ಲಿ, ಟೊಪ್ಪಿಗೆಯ ದೀಪಗಳು ಸಾಲುಸಾಲಾಗಿ ನೆಲದ ಮಟ್ಟಕ್ಕೆ ಇಳಿಯುತ್ತಿದ್ದವು.

ನಾನೂ ಕೂತೆ. ಕೂರುವುದು ಮಾತಾಡುವುದಲ್ಲ.

ಗ್ರೀಮ್ ನನ್ನೆದುರು ಬಂದು ನಿಂತ. ಬಗ್ಗಿ, ಯಾರಿಗೂ ಕೇಳಿಸದಂತೆ, “ನೀನು ಸಹಿ ಹಾಕಿದ್ದೀಯ, ನೆನಪಿದೆಯಲ್ಲ?” ಎಂದ.

ನಾನು ಬಾಯಿ ತೆರೆಯಲಿಲ್ಲ. ಏಳಲೂ ಇಲ್ಲ.